ಬಟ್ಟೆ ಒಣಗಿಸುವವರು ಯಾರು?

ಕರಾವಳಿಯಲ್ಲಿ ಒಂದು ಸಾವಿನ ಬಗ್ಗೆ ಅನುಮಾನ ಎದ್ದರೆ ಸಾಕು, ಕುಮಟಾ ಕಡೆಯ ಕತಗಾಲದ ಚಾ ಅಂಗಡಿಯಿಂದ ಭಟ್ಕಳದ ಮೀನುಪೇಟೆಯವರೆಗೆ ಒಂದೇ ಮಾತು: "ಡಿಎನ್‌ಎ ಮಾಡಿಸ್ಲಿ, ಎಲ್ಲ ಹೊರಗೆ ಬರ್ತದೆ." ಇಪ್ಪತ್ತು ವರ್ಷಗಳ ಹಿಂದೆ ಇದೇ ಜನ "ಸಿಬಿಐಗೆ ಕೊಡಲಿ" ಎನ್ನುತ್ತಿದ್ದರು. ನಂಬಿಕೆ ಸಂಸ್ಥೆಯಿಂದ ಅಣುವಿಗೆ ವರ್ಗವಾಗಿದೆ. ಅದು ಸುಳ್ಳು ನಂಬಿಕೆಯೇನೂ ಅಲ್ಲ. ಆದರೆ ಕಳೆದ ನಲವತ್ತು ವರ್ಷಗಳ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಡಿಎನ್‌ಎ ಪುರಾವೆಯ ಹಣೆಬರಹ ಬಹುಮಟ್ಟಿಗೆ ಮೊದಲ ದಿನವೇ ತೀರ್ಮಾನವಾಗಿರುತ್ತದೆ. ಒದ್ದೆ ಬಟ್ಟೆಯನ್ನು ಯಾರು ಎತ್ತಿದರು, ಎಲ್ಲಿ ಒಣಗಿಸಿದರು, ಯಾವ ಚೀಲಕ್ಕೆ ಹಾಕಿದರು ಎಂಬಲ್ಲಿ.

ನಮ್ಮ ಭಾಗದಲ್ಲಿ ಈ ವಿದ್ಯೆಯನ್ನು ಜನ ಹತ್ತಿರದಿಂದ ಕಂಡದ್ದು ಅಪರಾಧ ಪ್ರಕರಣದಲ್ಲಲ್ಲ, ಗುಡ್ಡ ಕುಸಿದಾಗ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ಗಂಗಾವಳಿ ನದಿಗೆ ಬಿತ್ತು. ಕೇರಳದ ಲಾರಿ ಚಾಲಕನೊಬ್ಬ ಲಾರಿ ಸಮೇತ ಕಾಣೆಯಾದ. ಗೋವಾದಿಂದ ಡ್ರೆಜರ್ ತಂದು ನದಿಯ ಹೂಳು ಬಗೆದು ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು, 71 ದಿನಗಳ ನಂತರ. ಕ್ಯಾಬಿನ್ನಿನಲ್ಲಿ ದೇಹವಿತ್ತು. ಲಾರಿ ಅವನದು, ಒಳಗಿದ್ದ ಸಾಮಾನೂ ಅವನದೇ. ಆದರೂ ಕಾನೂನಿಗೆ ಅಷ್ಟು ಸಾಲದು. ಒಡಹುಟ್ಟಿದವನ ಮಾದರಿಯೊಂದಿಗೆ ತಾಳೆ ಹಾಕಿ, ಹೊಂದಿತೆಂದು ಗೊತ್ತಾದ ಮೇಲೆ ದೇಹ ಊರಿಗೆ ಹೋಯಿತು.

ಎರಡು ತಿಂಗಳಿಗೂ ಹೆಚ್ಚು ಕೆಸರು ನೀರಿನಲ್ಲಿದ್ದ ದೇಹದಲ್ಲಿ ಏನು ಉಳಿದಿರುತ್ತದೆ? ಮಾಂಸದಲ್ಲಿ ಹೆಚ್ಚೇನೂ ಇರುವುದಿಲ್ಲ; ಬ್ಯಾಕ್ಟೀರಿಯಾಗಳು ಡಿಎನ್‌ಎ ಎಳೆಗಳನ್ನು ಕತ್ತರಿಸಿ ಹಾಕಿರುತ್ತವೆ. ತೊಡೆಯ ಮೂಳೆ, ದವಡೆಹಲ್ಲು ಹಾಗಲ್ಲ. ಗಟ್ಟಿ ಖನಿಜದ ನಡುವೆ ಸಿಕ್ಕಿಕೊಂಡ ಕೋಶಗಳು ಬಹುಕಾಲ ಉಳಿಯುತ್ತವೆ. ಮೂಳೆಯನ್ನು ತೊಳೆದು, ಪುಡಿ ಮಾಡಿ, ಕ್ಯಾಲ್ಸಿಯಂ ಕರಗಿಸಿ ಡಿಎನ್‌ಎ ತೆಗೆಯುತ್ತಾರೆ. ಒಂದು ಪೂರ್ಣ ಪರೀಕ್ಷೆಗೆ ಸುಮಾರು ಒಂದು ನ್ಯಾನೋಗ್ರಾಂ ಸಾಕು. ಅಂದರೆ ನೂರೈವತ್ತು ಜೀವಕೋಶಗಳ ಆಸುಪಾಸು.

ಆಮೇಲೆ ನೋಡುವುದು ಇಡೀ ಡಿಎನ್‌ಎಯನ್ನಲ್ಲ. ಮನುಷ್ಯ ಮನುಷ್ಯರ ನಡುವೆ ಅದು ಹೆಚ್ಚುಕಡಿಮೆ ಪೂರ್ತಿ ಒಂದೇ. ಕೆಲವು ಜಾಗಗಳಲ್ಲಿ ಮಾತ್ರ ಪುಟ್ಟ ಅಕ್ಷರಗುಚ್ಛವೊಂದು ಮಂತ್ರ ಜಪಿಸಿದಂತೆ ಮತ್ತೆ ಮತ್ತೆ ಬರುತ್ತದೆ. ಟಿಎಚ್01 ಎಂಬ ಜಾಗದಲ್ಲಿ 'ಎ-ಎ-ಟಿ-ಜಿ' ಎಂಬ ಗುಚ್ಛ ಒಬ್ಬರಲ್ಲಿ ಆರು ಸಲ, ಇನ್ನೊಬ್ಬರಲ್ಲಿ ಒಂಬತ್ತು ಸಲ. ಪ್ರತಿ ಜಾಗದಲ್ಲೂ ಅಪ್ಪನಿಂದ ಒಂದು ಸಂಖ್ಯೆ, ಅಮ್ಮನಿಂದ ಒಂದು ಸಂಖ್ಯೆ. ಇಂಥ ಇಪ್ಪತ್ತು ಜಾಗಗಳ ಸಂಖ್ಯೆಗಳನ್ನು ಸಾಲಾಗಿ ಬರೆದರೆ ಅದೇ ಆ ವ್ಯಕ್ತಿಯ ನಮೂನೆ. ಅಮೆರಿಕದ ಎಫ್‌ಬಿಐ 1998ರಲ್ಲಿ 13 ಜಾಗಗಳಿಂದ ಆರಂಭಿಸಿ, 2017ರಿಂದ ಅದನ್ನು 20ಕ್ಕೆ ಏರಿಸಿತು.

ಅಪ್ಪ-ಮಗ, ಅಮ್ಮ-ಮಗಳಾದರೆ ಪ್ರತಿ ಜಾಗದಲ್ಲೂ ಒಂದಾದರೂ ಸಂಖ್ಯೆ ಹೊಂದಲೇಬೇಕು. ಎರಡು ಮೂರು ಜಾಗಗಳಲ್ಲಿ ತಪ್ಪಿದರೆ ಸಂಬಂಧ ಇಲ್ಲವೆಂದೇ ಲೆಕ್ಕ. ಅಣ್ಣ-ತಮ್ಮಂದಿರಲ್ಲಿ ಹಾಗೆ ಕಡ್ಡಾಯವಿಲ್ಲ. ಒಂದು ಜಾಗದಲ್ಲಿ ಎರಡೂ ಹೊಂದಬಹುದು, ಇನ್ನೊಂದರಲ್ಲಿ ಒಂದೂ ಹೊಂದದಿರಬಹುದು. ಅದಕ್ಕೇ ಅಲ್ಲಿ 'ಹೌದು-ಅಲ್ಲ' ಎನ್ನುವ ಬದಲು 'ಒಡಹುಟ್ಟಿದವರಾಗಿದ್ದರೆ ಈ ಹೋಲಿಕೆ ಬರುವ ಸಂಭವ, ಅಪರಿಚಿತರಾಗಿದ್ದರೆ ಬರುವ ಸಂಭವಕ್ಕಿಂತ ಇಷ್ಟು ಪಟ್ಟು ಹೆಚ್ಚು' ಎಂದು ಬರೆಯುತ್ತಾರೆ. ಅಣ್ಣ-ತಮ್ಮಂದಿರಾದರೆ ಇನ್ನೆರಡು ಆಸರೆಗಳೂ ಇವೆ. ಅಪ್ಪನಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವ ವೈ ವರ್ಣತಂತು ಒಂದು. ಅಮ್ಮನಿಂದ ಮಾತ್ರ ಇಳಿಯುವ ಮೈಟೋಕಾಂಡ್ರಿಯದ ಡಿಎನ್‌ಎ ಇನ್ನೊಂದು. 'ಡಿಎನ್‌ಎ ಮ್ಯಾಚ್' ಎಂದು ಟಿವಿಯಲ್ಲಿ ಓಡುವ ಎರಡು ಪದದ ಪಟ್ಟಿಯ ಹಿಂದೆ ಇಷ್ಟು ಲೆಕ್ಕಾಚಾರ ಇರುತ್ತದೆ.

ಈ ವಿದ್ಯೆ ಮೊಟ್ಟಮೊದಲು ಕೊಲೆ ತನಿಖೆಗೆ ಬಂದಾಗ ಮಾಡಿದ ಕೆಲಸ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ 1984ರ ಸೆಪ್ಟೆಂಬರಿನಲ್ಲಿ ಡಿಎನ್‌ಎ ಬೆರಳಚ್ಚು ಕಂಡುಹಿಡಿದರು. ಅದೇ ಸೀಮೆಯಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. ಹದಿಹರೆಯದ ಹುಡುಗನೊಬ್ಬ ಎರಡನೆಯದನ್ನು ಒಪ್ಪಿಕೊಂಡೂ ಬಿಟ್ಟಿದ್ದ. ಪರೀಕ್ಷೆ ಮಾಡಿದರೆ ಎರಡೂ ಕೃತ್ಯ ಒಬ್ಬನದೇ, ಆದರೆ ಈ ಹುಡುಗನದಲ್ಲ! ಪೊಲೀಸರು ಸುತ್ತಲಿನ ಊರುಗಳ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮಾದರಿ ಪಡೆದರು. ನಿಜವಾದ ಅಪರಾಧಿ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲಿಗೆ ಸಹೋದ್ಯೋಗಿಯನ್ನು ಕಳಿಸಿ ತಪ್ಪಿಸಿಕೊಂಡಿದ್ದ. ಆ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿಬಿಟ್ಟ, ಬೇರೆಯವರು ಕೇಳಿಸಿಕೊಂಡರು. 1988ರಲ್ಲಿ ಶಿಕ್ಷೆಯಾಯಿತು. ಕೊನೆಗೂ ಸುಳಿವು ಸಿಕ್ಕಿದ್ದು ಹರಟೆಯಲ್ಲಿ ಎಂಬುದನ್ನು ನಮ್ಮ ಚಾ ಅಂಗಡಿಯವರು ಗಮನಿಸಬೇಕು.

ಭಾರತ ಹಿಂದೆ ಬೀಳಲಿಲ್ಲ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಸಿಸಿಎಂಬಿಯಲ್ಲಿ, ಲಾಲ್‌ಜಿ ಸಿಂಗ್ ಕ್ರೈಟ್ ಜಾತಿಯ ವಿಷದ ಹಾವಿನ ಡಿಎನ್‌ಎ ತುಣುಕೊಂದನ್ನು ಆಧರಿಸಿ ಸ್ವತಂತ್ರವಾದ ವಿಧಾನ ಕಟ್ಟಿದರು. ಹಾವಿನಲ್ಲಿ ಲಿಂಗ ನಿರ್ಧಾರದ ಅಧ್ಯಯನಕ್ಕೆಂದು ಹೊರಟದ್ದು ಮನುಷ್ಯರ ಗುರುತು ಹಿಡಿಯಲು ಒದಗಿತು. ಅದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೊದಲ ಜಾಗ ನಮಗೆ ದೂರದ್ದಲ್ಲ: ಕೇರಳದ ತಲಶ್ಶೇರಿ. 1980ರ ದಶಕದ ಕೊನೆಯಲ್ಲಿ ಮಗುವಿನ ತಂದೆ ಯಾರೆಂಬ ಜೀವನಾಂಶದ ವ್ಯಾಜ್ಯ ಅದು. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯಾದಾಗ, ಸ್ಫೋಟದಲ್ಲಿ ಛಿದ್ರವಾಗಿ ಸಿಕ್ಕ ದೇಹಭಾಗಗಳೆಲ್ಲ ಒಬ್ಬಳೇ ಹೆಂಗಸಿನವು ಎಂದು ಹೈದರಾಬಾದಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಬಾಂಬು ಕಟ್ಟಿಕೊಂಡು ಬಂದವಳು ಆಕೆಯೇ ಎಂಬ ವಾದಕ್ಕೆ ಅದು ಬುನಾದಿಯಾಯಿತು.

ಕರಾವಳಿಯ ದೊಡ್ಡ ಪರೀಕ್ಷೆ 2010ರ ಮೇ 22ರದ್ದು. ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಬದುಕಿದವರು ಎಂಟು ಮಂದಿ. ಗಲ್ಫ್ ದುಡಿಮೆಯ ಕುಟುಂಬಗಳಿರುವ ಊರುಗಳಿಗೆಲ್ಲ ಆ ದಿನ ಬರಸಿಡಿಲು. ಬಹುಪಾಲು ದೇಹಗಳನ್ನು ಮನೆಯವರು ಮುಖ, ಬಟ್ಟೆ, ಒಡವೆ ನೋಡಿ ಗುರುತಿಸಿ ಒಯ್ದರು. ಗುರುತು ಸಿಗದೆ ಉಳಿದ 22 ದೇಹಗಳ ಮಾದರಿ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರವಾದ ಸಿಡಿಎಫ್‌ಡಿಗೆ ಹೋಯಿತು. ಅವುಗಳಲ್ಲಿ 12 ದೇಹಗಳು, ಮಾದರಿ ಕೊಟ್ಟ ಯಾವ ಕುಟುಂಬಕ್ಕೂ ಹೊಂದಲಿಲ್ಲ. ವಿಮಾನದಲ್ಲಿದ್ದವರ ಪಟ್ಟಿ ಸ್ಪಷ್ಟವಿತ್ತು, ಪಟ್ಟಿಯಲ್ಲಿಲ್ಲದವರು ಎಲ್ಲಿಂದಲೋ ಬಂದು ಸೇರಿರಲಿಲ್ಲ. ಹಾಗಾದರೆ ಉಳಿಯುವ ತರ್ಕ ಒಂದೇ: ಮೊದಲ ದಿನದ ಗೋಳಿನಲ್ಲಿ ಕಣ್ಣಿನ ಗುರುತನ್ನು ನಂಬಿ ಕೊಟ್ಟ ದೇಹಗಳಲ್ಲಿ ಕೆಲವು ಬೇರೆಯವರ ಮನೆ ಸೇರಿದ್ದವು. ಆ ಹನ್ನೆರಡನ್ನು ಕೂಳೂರಿನ ಬಳಿ ಫಲ್ಗುಣಿ ದಡದಲ್ಲಿ ಹೂಳಲಾಯಿತು. ಸುಟ್ಟ ದೇಹದ ಮುಂದೆ ನಿಂತ ತಾಯಿಗೆ 'ಸ್ವಲ್ಪ ತಾಳಿ, ಪರೀಕ್ಷೆ ಆಗಲಿ' ಎನ್ನುವ ಧೈರ್ಯ ಯಾವ ಅಧಿಕಾರಿಗೆ ಇರುತ್ತದೆ ಎಂಬುದೂ ನಿಜವೇ. ಆದರೆ ಎಲ್ಲ ದೇಹಗಳಿಂದಲೂ ಕೊಡುವ ಮೊದಲು ಒಂದು ಚೂರು ಮಾದರಿ ತೆಗೆದಿಟ್ಟುಕೊಳ್ಳುವುದಕ್ಕೆ ಧೈರ್ಯ ಬೇಕಿಲ್ಲ, ರೂಢಿ ಬೇಕು.

ಈಗ ಒದ್ದೆ ಬಟ್ಟೆಗೆ ಬರೋಣ. ಡಿಎನ್‌ಎಗೆ ಕಾಲ ಅಷ್ಟು ದೊಡ್ಡ ಶತ್ರುವಲ್ಲ, ತೇವ ಶತ್ರು. ಒಣಗಿದ ಬಟ್ಟೆಯ ಮೇಲಿನ ಕಲೆ ವರ್ಷಗಟ್ಟಲೆ ಮಾತಾಡಬಲ್ಲದು. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಪ್ರಕರಣ ಇದಕ್ಕೆ ಹತ್ತಿರದ ನಿದರ್ಶನ. ಕೃತ್ಯ 2021ರದ್ದೆಂದು ಆರೋಪ. ಎಸ್‌ಐಟಿ ಸಂತ್ರಸ್ತೆಯ ಸೀರೆಯನ್ನು ವಶಪಡಿಸಿಕೊಂಡದ್ದು 2024ರಲ್ಲಿ. ಅದರ ಮೇಲಿನ ಕಲೆಗಳ ಡಿಎನ್‌ಎ ವರದಿ ಪ್ರಾಸಿಕ್ಯೂಷನ್‌ನ ಮುಖ್ಯ ಪುರಾವೆಗಳಲ್ಲಿ ಒಂದಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರನ್ನು ತಪ್ಪಿತಸ್ಥನೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ.

ಇದಕ್ಕೆ ತದ್ವಿರುದ್ಧವಾದದ್ದು 2012ರ ಅಕ್ಟೋಬರಿನಲ್ಲಿ ಧರ್ಮಸ್ಥಳದ ಬಳಿ ನಡೆದ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆಯ ಪ್ರಕರಣ. ಡಿಎನ್‌ಎ ಪರೀಕ್ಷೆ ಆರೋಪಿಯನ್ನು ಕೃತ್ಯಕ್ಕೆ ಜೋಡಿಸಲಿಲ್ಲ. 2023ರ ಜೂನ್ 16ರಂದು ವಿಶೇಷ ಸಿಬಿಐ ನ್ಯಾಯಾಲಯ ಆತನನ್ನು ಖುಲಾಸೆ ಮಾಡಿ, ಮೊದಲ ಗಂಟೆಗಳ ತನಿಖೆ ಮತ್ತು ಮಾದರಿ ಸಂಗ್ರಹದ ಲೋಪಗಳ ಬಗ್ಗೆ ಕಟುವಾಗಿ ಬರೆಯಿತು. ಸುಮಾರು ಹನ್ನೊಂದು ವರ್ಷ ಒಬ್ಬನ ಮೇಲೆ ಆರೋಪ ತೂಗಿತು. ನಿಜವಾದ ಅಪರಾಧಿ ಯಾರೆಂದು ಹೇಳಬಹುದಾಗಿದ್ದ ಕುರುಹು ಮತ್ತೆ ಕೈಗೆ ಸಿಗುವಂತಿಲ್ಲ. ಎರಡು ಕಡೆಯೂ ನಷ್ಟ.

ಕತಗಾಲದಲ್ಲಿ ಆಷಾಢದ ಒಂದು ದಿನವನ್ನು ಊಹಿಸಿಕೊಳ್ಳಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಸೀಮೆ. ಮನೆಯ ಬಟ್ಟೆಯನ್ನೇ ಬಚ್ಚಲ ಒಲೆಯ ಮೇಲೆ ಹರವಿ ಒಣಗಿಸಬೇಕು. ನಾಗಂದಿಗೆಯ ಮೇಲಿಟ್ಟ ಚರ್ಮದ ಚೀಲಕ್ಕೆ ವಾರದಲ್ಲಿ ಬೂಷ್ಟು. ಅಂಥಲ್ಲಿ ರಕ್ತ ಹತ್ತಿದ ಅಂಗಿಯೊಂದನ್ನು ಮಹಜರು ಮಾಡಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಠಾಣೆಯ ಮುದ್ದೆಮಾಲು ಕೋಣೆಯಲ್ಲಿ ಇಟ್ಟರೆ ಕಾಗದದ ಮೇಲೆ ಎಲ್ಲ ಸರಿ. ಒಳಗೆ ಮಾತ್ರ ಬೂಷ್ಟು ತನ್ನ ಕೆಲಸ ಶುರು ಮಾಡಿರುತ್ತದೆ. ಮಾಡಬೇಕಾದ್ದು ಕಷ್ಟದ್ದೇನಲ್ಲ. ಬಿಸಿಲಿಗೂ ಬೆಂಕಿಗೂ ಒಡ್ಡದೆ ನೆರಳಿನಲ್ಲಿ, ಗಾಳಿಯಲ್ಲಿ ಪೂರ್ತಿ ಒಣಗಿಸುವುದು, ಒಂದೊಂದು ಬಟ್ಟೆಗೂ ಬೇರೆ ಬೇರೆ ಕಾಗದದ ಲಕೋಟೆ, ಕೈಗವಸು ಬದಲಿಸುವುದು. ದೇಹದ ತುಂಡನ್ನು ರೂಢಿಯಂತೆ ಫಾರ್ಮಲಿನ್‌ನಲ್ಲಿ ಮುಳುಗಿಸದಿರುವುದು. ಅದು ಅಂಗಾಂಶದ ರೂಪ ಉಳಿಸುತ್ತದೆ, ಡಿಎನ್‌ಎಯನ್ನು ಕೆಡಿಸುತ್ತದೆ. ಆದರೆ ನೆರಳಿನಲ್ಲಿ ಗಾಳಿಯಾಡುವ, ಬೇರೆ ಯಾರೂ ಕೈಹಾಕದ ಬೀಗದ ಕೋಣೆ ಮಳೆಗಾಲದಲ್ಲಿ ಎಷ್ಟು ಠಾಣೆಗಳಲ್ಲಿದೆ? ಒಂದು ಒಣಗಿಸುವ ಕಪಾಟು, ಒಂದು ಫ್ರಿಜ್: ತಾಲೂಕಿಗೊಂದರಂತೆ ಇಷ್ಟು ಕೊಟ್ಟರೆ, ರಾಜಧಾನಿಯಲ್ಲಿ ಕೋಟಿ ಬೆಲೆಯ ಯಂತ್ರ ತಂದದ್ದಕ್ಕಿಂತ ಹೆಚ್ಚು ಪ್ರಕರಣಗಳು ಉಳಿಯುತ್ತವೆ ಎಂದು ನನ್ನ ಅಂದಾಜು.

ಆಮೇಲೆ ದಾರಿ. ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಪ್ರಾದೇಶಿಕವಾದವು ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಮೊದಲಾದೆಡೆ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದರೆ ಶಿರಸಿಯ ದಾರಿ ಬಂದ್, ಹೆದ್ದಾರಿ 66ರಲ್ಲಿ ಜರಿದರೆ ಅತ್ತಲೂ ಬಂದ್. ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ತಮಿಳುನಾಡಿನ ಕಟ್ಟವೆಲ್ಲೈ ಪ್ರಕರಣದ ತೀರ್ಪಿನಲ್ಲಿ ದೇಶಕ್ಕೆಲ್ಲ ಅನ್ವಯವಾಗುವಂತೆ ಹೇಳಿದ್ದು: ಡಿಎನ್‌ಎ ಮಾದರಿ ಸಂಗ್ರಹಿಸಿದ 48 ಗಂಟೆಗಳೊಳಗೆ ಪ್ರಯೋಗಾಲಯ ತಲುಪಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಕಡೆಯವರೆಗೂ ಇರಬೇಕು. ಇದರ ಹಿಂದೆ ಕಹಿ ಅನುಭವವಿದೆ. ದೆಹಲಿಯ ಛಾವ್ಲಾ ಅತ್ಯಾಚಾರ-ಕೊಲೆ ಪ್ರಕರಣದಲ್ಲಿ ಮಾದರಿಗಳು 2012ರ ಫೆಬ್ರುವರಿಯಲ್ಲಿ ಎರಡು ವಾರದಷ್ಟು ಕಾಲ ಠಾಣೆಯ ಮಾಲ್‌ಖಾನೆಯಲ್ಲೇ ಕೂತಿದ್ದವು. ಕೆಳಗಿನ ನ್ಯಾಯಾಲಯ ಮತ್ತು ಹೈಕೋರ್ಟು ಮರಣದಂಡನೆ ಕೊಟ್ಟಿದ್ದರೂ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮೂವರನ್ನೂ ಬಿಟ್ಟಿತು. ಮಾದರಿಯಲ್ಲಿ ಕೈಯಾಡಿಸಿಲ್ಲ ಎಂದು ತೋರಿಸಲಾಗದ ಮೇಲೆ ವರದಿ ಎಷ್ಟು ಚೆನ್ನಾಗಿದ್ದರೇನು?

ಇನ್ನು ಹೊಂದಿತು ಎಂದೇ ಇಟ್ಟುಕೊಳ್ಳೋಣ. ಡಿಎನ್‌ಎ ಹೇಳುವುದು 'ಇದು ಇವನದು' ಎಂದಷ್ಟೇ. ಯಾವಾಗ ಬಂತು, ಹೇಗೆ ಬಂತು ಎಂದು ಹೇಳುವುದಿಲ್ಲ. ಪರವೂರಿನ ಕಳ್ಳನ ಬೆವರು ಬೀಗದ ಮೇಲೆ ಸಿಕ್ಕರೆ ಅದಕ್ಕೆ ಅರ್ಥವಿದೆ. ನಮ್ಮ ಹಳ್ಳಿಗಳ ಹೆಚ್ಚಿನ ಕೊಲೆಗಳು ಹಾಗಲ್ಲ. ಅಣ್ಣ-ತಮ್ಮಂದಿರ ಅಡಿಕೆ ತೋಟದ ಗಡಿ, ಗಂಡ-ಹೆಂಡಿರ ಜಗಳ. ಒಂದೇ ಜಗಲಿಯಲ್ಲಿ ಕೂತವರ, ಒಂದೇ ಕತ್ತಿಯಲ್ಲಿ ಸೊಪ್ಪು ಕಡಿದವರ ಡಿಎನ್‌ಎ ಆ ಕತ್ತಿಯ ಹಿಡಿಯ ಮೇಲೆ ಇರದಿದ್ದರೆ ಆಶ್ಚರ್ಯ. ಅಲ್ಲಿ ಸತ್ತವನ ರಕ್ತ ಯಾರ ಬಟ್ಟೆಯ ಮೇಲೆ ಸಿಡಿದಿದೆ, ಯಾವ ದಿಕ್ಕಿನಿಂದ ಸಿಡಿದಿದೆ ಎಂಬುದು ಹೆಚ್ಚು ಹೇಳುತ್ತದೆ.

ಮುಟ್ಟದೆಯೂ ಹತ್ತಿಕೊಳ್ಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಒಬ್ಬ ಉದ್ಯಮಿಯ ಕೊಲೆಯಾಯಿತು. ಅವನ ಉಗುರಿನಡಿ ಸಿಕ್ಕ ಡಿಎನ್‌ಎ ಲೂಕಿಸ್ ಆಂಡರ್ಸನ್ ಎಂಬವನದು. ಆದರೆ ಆ ರಾತ್ರಿ ಆಂಡರ್ಸನ್ ಕುಡಿದು ಪ್ರಜ್ಞೆತಪ್ಪಿ ಆಸ್ಪತ್ರೆಯಲ್ಲಿದ್ದ! ಅವನನ್ನು ಎತ್ತಿ ಒಯ್ದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲ ಗಂಟೆಗಳ ನಂತರ ಕೊಲೆಯಾದವನನ್ನೂ ಮುಟ್ಟಿದ್ದರು. ಆಂಡರ್ಸನ್ ತಿಂಗಳುಗಟ್ಟಲೆ ಜೈಲಿನಲ್ಲಿದ್ದ. ಜರ್ಮನಿಯಲ್ಲಿ ಇನ್ನೂ ಸ್ವಾರಸ್ಯ: ಹತ್ತಾರು ಅಪರಾಧಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿ ಪೊಲೀಸರು ವರ್ಷಾನುಗಟ್ಟಲೆ ಅವಳ ಬೆನ್ನುಬಿದ್ದರು. 2009ರಲ್ಲಿ ಗೊತ್ತಾಯಿತು, ಅದು ಮಾದರಿ ಒರೆಸುವ ಹತ್ತಿಕಡ್ಡಿ ತಯಾರಿಯಲ್ಲಿದ್ದ ಕೆಲಸದಾಕೆಯದು.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ತೊಡಕಿದೆ. 'ಕೋಟಿಗಳಲ್ಲಿ ಒಬ್ಬರು' ಎಂಬ ಲೆಕ್ಕ ಬರುವುದು, ಆಯಾ ಸಂಖ್ಯೆ ಒಂದು ಜನಸಮೂಹದಲ್ಲಿ ಎಷ್ಟು ಸಾಮಾನ್ಯ ಎಂಬ ಅಂದಾಜುಗಳನ್ನು ಗುಣಿಸಿ. ಹಾಲಕ್ಕಿಗಳು, ಖಾರ್ವಿಗಳು, ಹವ್ಯಕರು, ಭಟ್ಕಳದ ನವಾಯತರು ತಲೆಮಾರುಗಳಿಂದ ತಮ್ಮೊಳಗೇ ಹೆಣ್ಣು-ಗಂಡು ತಂದವರು. ಘಟ್ಟದ ಮೇಲಿನ ಸಿದ್ದಿಗಳ ಮೂಲದಲ್ಲಿ ಆಫ್ರಿಕದ ಪಾಲು ದೊಡ್ಡದು ಎಂದು ಸಿಸಿಎಂಬಿಯ ಕೆ. ತಂಗರಾಜ್ ಅವರ ತಂಡ 2011ರಲ್ಲಿ ತೋರಿಸಿತು. ಇಂಥ ಸಮುದಾಯಗಳಲ್ಲಿ ಯಾವ ಸಂಖ್ಯೆ ಎಷ್ಟು ಮಂದಿಯಲ್ಲಿದೆ ಎಂಬುದು ಒಂದೇ ಸಮನಾಗಿರಲಾರದು. ಇಡೀ ಭಾರತದ ಸರಾಸರಿ ಹಿಡಿದು ಗುಣಿಸಿದರೆ ಉತ್ತರ ವಾಸ್ತವಕ್ಕಿಂತ ಗಟ್ಟಿಯಾಗಿ ಕಾಣಬಹುದು. ಪೂರ್ಣ ನಮೂನೆ ಸಿಕ್ಕಾಗ ಈ ವ್ಯತ್ಯಾಸದಿಂದ ಅಷ್ಟೇನೂ ಆಗದು; ಅರೆಬರೆ ನಮೂನೆಯಲ್ಲಿ ಆಗುತ್ತದೆ. ವೈ ವರ್ಣತಂತುವಿನ ಪರೀಕ್ಷೆಯಂತೂ ಹೇಳುವುದು ಇಷ್ಟೇ: ಈ ಮನೆತನದ ಗಂಡಸರಲ್ಲಿ ಯಾರೋ ಒಬ್ಬ. ಅಪ್ಪ, ಮಗ, ಚಿಕ್ಕಪ್ಪ, ದಾಯಾದಿ ಎಲ್ಲರದ್ದೂ ಸಾಮಾನ್ಯವಾಗಿ ಒಂದೇ. 'ಹೊಂದಿದ್ದು ಇವನೊಬ್ಬನಿಗೋ, ಇವನ ಮನೆತನಕ್ಕೋ?' ಪಾಟೀಸವಾಲಿನಲ್ಲಿ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ ಇದು, ಅಪರೂಪಕ್ಕೆ ಕೇಳುತ್ತಾರೆ.

ಕತಗಾಲ ಒಂದು ಅರಣ್ಯ ವಲಯದ ಹೆಸರೂ ಹೌದು. ಹೊನ್ನಾವರ ವಿಭಾಗದ ಈ ಕಾಡಂಚಿನಲ್ಲಿ ಡಿಎನ್‌ಎ ಕೆಲಸಕ್ಕೆ ಬರುವುದು ಮನುಷ್ಯರ ವಿಷಯದಲ್ಲಿ ಮಾತ್ರವಲ್ಲ. ಕಡವೆ, ಬರ್ಕ, ಕಾಡುಹಂದಿಯ ಬೇಟೆಯಲ್ಲಿ ಅರಣ್ಯ ಇಲಾಖೆಯವರಿಗೆ ಸಿಗುವುದು ಚರ್ಮ ಸುಲಿದ ಮಾಂಸ, ಕೆಲವೊಮ್ಮೆ ಸಾರಿನ ಪಾತ್ರೆ. ಆರೋಪಿ ಅದನ್ನು ಕುರಿಯದೆನ್ನುತ್ತಾನೆ. ಇದಕ್ಕೆ ಸಿಸಿಎಂಬಿಯ ಸುನಿಲ್ ಕುಮಾರ್ ವರ್ಮ ಮತ್ತು ಲಾಲ್‌ಜಿ ಸಿಂಗ್ ಒಂದು ಉಪಾಯ ಕಂಡುಕೊಟ್ಟರು: ಎಲ್ಲ ಪ್ರಾಣಿಗಳಲ್ಲೂ ಇರುವ ಸೈಟೋಕ್ರೋಮ್ ಬಿ ಎಂಬ ಮೈಟೋಕಾಂಡ್ರಿಯ ಜೀನಿನ ಒಂದು ತುಣುಕನ್ನು ಓದಿದರೆ ಪ್ರಾಣಿಯ ಜಾತಿ ತಿಳಿಯುತ್ತದೆ. ಕೋಶವೊಂದರಲ್ಲಿ ಇಂಥ ಪ್ರತಿಗಳು ನೂರಾರು ಇರುವುದರಿಂದ ಬೇಯಿಸಿದ ಮಾಂಸದಲ್ಲೂ ಚೂರು ಉಳಿಯುತ್ತದೆ. ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಯಾದ ಮೇಲೆ ಇದೇ ಪರೀಕ್ಷೆಗೆ ಬೇರೆ ಬೆಲೆಯೂ ಬಂದಿದೆ. ಹಿಡಿದ ಮಾಂಸ ಆಕಳದೋ ಎಮ್ಮೆಯದೋ ಎಂದು ರಸ್ತೆಯಲ್ಲೇ ತೀರ್ಮಾನಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಪ್ರಯೋಗಾಲಯ ಹೇಳಬೇಕಾದ ಮಾತು.

ಕಾನೂನಿನ ಕಡೆಯ ಚಿತ್ರ ಚುಟುಕಾಗಿ ಹೀಗಿದೆ. ರಕ್ತ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂಬುದು ನ್ಯಾಯಾಲಯಗಳ ನಿಲುವು. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಬಾರದೆಂದಿತು, ಡಿಎನ್‌ಎಯನ್ನು ಆ ಸಾಲಿಗೆ ಸೇರಿಸಲಿಲ್ಲ. ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿಯ ಡಿಎನ್‌ಎ ಮಾದರಿ ಪಡೆಯಲು 2005ರ ತಿದ್ದುಪಡಿಯಿಂದಲೇ ಸ್ಪಷ್ಟ ಅವಕಾಶವಿದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕೆಂದಿದೆ. ರಾಜ್ಯಗಳಿಗೆ ಐದು ವರ್ಷದ ಗಡುವು. ಕರ್ನಾಟಕ ಸೋಕೋ ಎಂಬ ಅಪರಾಧ ಸ್ಥಳ ಅಧಿಕಾರಿಗಳನ್ನು ನೇಮಿಸಿದೆ. ಸರಿಯಾದ ಹೆಜ್ಜೆ. ಅಪ್ಪ ಯಾರೆಂಬ ಸಂಶಯಕ್ಕೆ ಮಗುವಿನ ಪರೀಕ್ಷೆ ಕೇಳುವುದನ್ನು ಮಾತ್ರ ಸುಪ್ರೀಂ ಕೋರ್ಟು ಬಿಗಿಹಿಡಿದಿದೆ. ಗಂಡ-ಹೆಂಡಿರ ಜಗಳದಲ್ಲಿ ಮಗುವನ್ನು ದಾಳ ಮಾಡಬೇಡಿ ಎಂದು 2023ರಲ್ಲೂ ಹೇಳಿತು.

ಕಾನೂನು ಸೋತದ್ದು ಒಂದೇ ಕಡೆ, ಅದರ ಪೆಟ್ಟು ಕರಾವಳಿಗೇ ಹೆಚ್ಚು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಐವರು ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರು. 2019ರ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಬೋಟಿನ ಅವಶೇಷ ಕಂಡಿತು, ದೇಹಗಳು ಸಿಗಲಿಲ್ಲ. ದೇಹ ಸಿಗದೆ ಸಾವು ನಮೂದಿಸಬೇಕೆಂದರೆ ಸಾಮಾನ್ಯವಾಗಿ ಏಳು ವರ್ಷ ಕಾಯುವ ಕಾನೂನು. ಅತ್ತ ಗೋವಾ, ಸಿಂಧುದುರ್ಗ, ರತ್ನಾಗಿರಿಯ ದಡಗಳಿಗೆ ಗುರುತಿಲ್ಲದ ದೇಹ ಬಂದು ಬೀಳುತ್ತಲೇ ಇರುತ್ತದೆ. ಅಲ್ಲಿನ ಪೊಲೀಸರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕೆಲ ದಿನ ಕಾದು, ಹೂಳುತ್ತಾರೆ. ಇಲ್ಲಿ ಹೊನ್ನಾವರ ಕಡೆಯ ಮಂಕಿ ಊರಿನ ತಾಯಿಯೊಬ್ಬಳ ಒಂದು ಹನಿ ರಕ್ತದ ನಮೂನೆಯನ್ನೂ ಅಲ್ಲಿನ ಒಂದು ಹಲ್ಲಿನ ನಮೂನೆಯನ್ನೂ ಒಂದೇ ಪಟ್ಟಿಯಲ್ಲಿಟ್ಟು ತಾಳೆ ನೋಡುವ ರಾಷ್ಟ್ರೀಯ ವ್ಯವಸ್ಥೆ ಬೇಕು.

2019ರ ಡಿಎನ್‌ಎ ತಂತ್ರಜ್ಞಾನ ಮಸೂದೆಯಲ್ಲಿ ಅದಿತ್ತು. ಅಪರಾಧ ಸ್ಥಳ, ಶಂಕಿತರು, ಅಪರಾಧಿಗಳು ಎಂಬ ಪಟ್ಟಿಗಳ ಜೊತೆಗೆ ಕಾಣೆಯಾದವರದ್ದೊಂದು, ಗುರುತು ಸಿಗದ ಮೃತರದ್ದೊಂದು. ಚರ್ಚೆಯೆಲ್ಲ ಮೊದಲ ಮೂರರ ಸುತ್ತಲೇ ನಡೆಯಿತು: ಸರ್ಕಾರದ ಕೈಗೆ ಜನರ ಜೀನು ಕೊಡಬೇಕೇ, ಖುಲಾಸೆಯಾದವರ ದಾಖಲೆ ಅಳಿಸುವವರು ಯಾರು, ಜಾತಿ-ಬುಡಕಟ್ಟು ನೋಡಿ ಅನುಮಾನಿಸಲು ಇದೇ ದಾರಿಯಾಗದೇ ಎಂದು. ನ್ಯಾಯವಾದ ಭಯಗಳೇ. 2022ರ ಅಪರಾಧಿ ಗುರುತಿಸುವಿಕೆ ಕಾಯ್ದೆ ಬಂಧಿತರ ಜೈವಿಕ ಮಾದರಿ ಪಡೆಯುವ ಅಧಿಕಾರವನ್ನು ಪೊಲೀಸರಿಗೆ ಹೇಗೂ ಕೊಟ್ಟಿತು, ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳುವ ಅವಕಾಶದೊಂದಿಗೆ. 2023ರ ಜುಲೈನಲ್ಲಿ ಸರ್ಕಾರ ಡಿಎನ್‌ಎ ಮಸೂದೆಯನ್ನು ಹಿಂಪಡೆಯಿತು. ಹೆದರಿಕೆ ಹುಟ್ಟಿಸಿದ ಅಧಿಕಾರ ಬೇರೆ ಬಾಗಿಲಿನಿಂದ ಒಳಗೆ ಬಂತು; ಯಾರೂ ವಿರೋಧಿಸದಿದ್ದ ಕಡೆಯ ಎರಡು ಪಟ್ಟಿಗಳು ಮಸೂದೆಯ ಜೊತೆಗೇ ಹೋದವು.